ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನಿಜವಾಗಿ ಎಷ್ಟು ದೂರ, ಎಷ್ಟು ಹೊತ್ತು?

ವಿರಾಜಪೇಟೆಯ ಕಾಫಿ ಬೆಳೆಗಾರ

ಮಾನ್ಯರೇ, ನಮ್ಮ ಮಗಳು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಬಳಿ ನೆಲೆಸಿದ್ದಾಳೆ. ಜನವರಿಯ ಮೊದಲ ವಾರದಲ್ಲಿ ಹೆರಿಗೆಯಾಗಬಹುದೆಂದು ಅಲ್ಲಿನ ವೈದ್ಯರು ಹೇಳಿದ್ದಾರೆ. ಬಾಣಂತನಕ್ಕೆಂದು ನನ್ನ ಪತ್ನಿ ಹುತ್ತರಿ ಹಬ್ಬ ಮುಗಿಸಿಕೊಂಡು ಡಿಸೆಂಬರ್‌ನಲ್ಲಿ ಹೊರಡುವವಳಿದ್ದಾಳೆ. ಅರೇಬಿಕಾ ಕೊಯ್ಲು ಮುಗಿಯುವ ಹೊತ್ತಿಗೆ ರೋಬಸ್ಟಾ ಹಣ್ಣಾಗುವುದರಿಂದ ನಾನು ತೋಟ ಬಿಟ್ಟು ಹೋಗುವಂತಿಲ್ಲ. ಆದ್ದರಿಂದ ಅವಳು ಒಬ್ಬಳೇ ಹೋಗಬೇಕಾಗಿದೆ. ಅವಳಿಗೆ 63 ವರ್ಷ, ಮಂಡಿನೋವಿದೆ, ವಿಮಾನ ಹತ್ತುವುದು ಇದೇ ಮೊದಲು.

ದಾರಿಯನ್ನು ಮೊದಲೇ ತಿಳಿದುಕೊಳ್ಳೋಣವೆಂದು ಒಂದು ವಾರದಿಂದ ಲೆಕ್ಕ ಹಾಕುತ್ತಿದ್ದೇನೆ, ಆದರೆ ಯಾವುದೂ ತಾಳೆಯಾಗುತ್ತಿಲ್ಲ. ಎರಡು ವಿಮಾನ ನಿಲ್ದಾಣಗಳ ನಡುವಿನ ಅಂತರ ಒಂದು ಕಡೆ 13,988 ಕಿ.ಮೀ. ಎಂದಿದೆ, ಇನ್ನೊಂದು ಕಡೆ 14,000ಕ್ಕಿಂತ ತುಸು ಹೆಚ್ಚಿದೆ, ಟಿಕೆಟ್ ತೋರಿಸಿದವರ ಕಾಗದದಲ್ಲಿ 16,500ರ ಮೇಲಿದೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದು ಹಿಡಿದರೆ ಹದಿನೈದೂವರೆ ಗಂಟೆ ಸಾಕಾಗಬೇಕು. ಆದರೆ ನೇರ ಹಾರಾಟಕ್ಕೆ ಹೋಗುವಾಗ ಸುಮಾರು 16 ಗಂಟೆ, ಬರುವಾಗ 17 ಗಂಟೆಗೂ ಹೆಚ್ಚು ಎಂದು ಓದಿದ್ದೇನೆ. ಎರಡು ಊರುಗಳ ನಡುವಿನ ದೂರ ಒಂದೇ ಆಗಿರುವಾಗ ಹೋಗುವ ಹೊತ್ತು ಮತ್ತು ಬರುವ ಹೊತ್ತು ಬೇರೆಯಾಗುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಮಡಿಕೇರಿಯ ನಿವೃತ್ತ ಭೂಗೋಳ ಅಧ್ಯಾಪಕಿ

ಮೊದಲು ದೂರದ ಪ್ರಶ್ನೆಯನ್ನು ಬಿಡಿಸೋಣ. ಮನೆಯಲ್ಲಿ ಒಂದು ಕೊಡಗಿನ ಕಿತ್ತಳೆ ಇದ್ದರೆ ಕೈಗೆ ತೆಗೆದುಕೊಳ್ಳಿ. ತೊಟ್ಟಿರುವ ಜಾಗವನ್ನು ಉತ್ತರ ಧ್ರುವವೆಂದು ಭಾವಿಸಿ, ಹಣ್ಣಿನ ನಡುವಿಗಿಂತ ತುಸು ಮೇಲೆ ಒಂದು ಚುಕ್ಕೆಯನ್ನು ಬೆಂಗಳೂರೆಂದು ಇಡಿ. ಹಣ್ಣನ್ನು ಹೆಚ್ಚುಕಡಿಮೆ ಅರ್ಧ ಸುತ್ತು ತಿರುಗಿಸಿ, ಇನ್ನೂ ಸ್ವಲ್ಪ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಎಂದು ಮತ್ತೊಂದು ಚುಕ್ಕೆ ಇಡಿ. ಈಗ ಎರಡಕ್ಕೂ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ ಅದು ಹಣ್ಣಿನ ಹೊಟ್ಟೆಯನ್ನು ಸುತ್ತಿಕೊಂಡು ಹೋಗದೆ ತೊಟ್ಟಿನ ಕಡೆಗೆ ಜಾರುತ್ತದೆ. ಆ ದಾರದ ಉದ್ದವೇ ಗೋಳದ ಮೇಲಿನ ಅತಿ ಕಡಿಮೆ ಅಂತರ, ಅದನ್ನು ಮಹಾವೃತ್ತದ ದೂರ ಎನ್ನುತ್ತಾರೆ. ಗೋಡೆಯ ನಕ್ಷೆಯಲ್ಲಿ ಪೆಸಿಫಿಕ್ ಸಾಗರವನ್ನು ನೇರವಾಗಿ ದಾಟುವ ಗೆರೆ ಚಿಕ್ಕದಾಗಿ ಕಂಡರೂ ಗೋಳದ ಮೇಲೆ ಅದು ಬಳಸುದಾರಿ.

ಎರಡೂ ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳನ್ನು ಹಿಡಿದು ನಾನು ಲೆಕ್ಕ ಮಾಡಿದೆ. ದೇವನಹಳ್ಳಿಯ ನಿಲ್ದಾಣ ಸುಮಾರು 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿದೆ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದಿಟ್ಟುಕೊಂಡರೆ ಅಂತರ 13,990 ಕಿ.ಮೀ. ಆಸುಪಾಸಿಗೆ ಬರುತ್ತದೆ. ಭೂಮಿ ನಿಜವಾದ ಗೋಳವಲ್ಲ, ಧ್ರುವಗಳಲ್ಲಿ ಚಪ್ಪಟೆಯಾಗಿದೆ. ಆ ಚಪ್ಪಟೆಯನ್ನು ಲೆಕ್ಕಕ್ಕೆ ಸೇರಿಸಿದವರಿಗೂ ಬಿಟ್ಟವರಿಗೂ ಕೆಲವು ಕಿಲೋಮೀಟರುಗಳ ವ್ಯತ್ಯಾಸ ಬರುತ್ತದೆ. ನಿಮ್ಮ ಮೊದಲ ಎರಡು ಅಂಕಿಗಳ ನಡುವಿನ ಭೇದ ಇಷ್ಟೇ, ಎರಡೂ ಸರಿ. ಮೂರನೆಯದು ಬೇರೆ ಮಾತು: ಅದು ಮಧ್ಯದಲ್ಲಿ ಎಲ್ಲೋ ಇಳಿದು ಹೋಗುವ ಎರಡು ಹಾರಾಟಗಳ ಮೊತ್ತವಾಗಿರಬೇಕು.

ಆ ದಾರವು ಯಾವ ಯಾವ ನಾಡಿನ ಮೇಲೆ ಹಾದುಹೋಗುತ್ತದೆ ಎಂಬುದನ್ನೂ ಗುರುತಿಸಿದೆ, ಏಕೆಂದರೆ ನಿಮ್ಮ ಎರಡನೆಯ ಪ್ರಶ್ನೆಗೆ ಅದು ಬೇಕಾಗುತ್ತದೆ. ಬೆಂಗಳೂರಿನಿಂದ ಈಶಾನ್ಯಕ್ಕೆ ಹೊರಟು, ನೇಪಾಳದಲ್ಲಿ ಹಿಮಾಲಯವನ್ನು ಹತ್ತಿ, ಟಿಬೆಟ್, ಪಶ್ಚಿಮ ಮಂಗೋಲಿಯಾ, ಸೈಬೀರಿಯಾಗಳನ್ನು ದಾಟಿ, ಸುಮಾರು 71 ಡಿಗ್ರಿ ಉತ್ತರದಲ್ಲಿ ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲ್ಲಿಂದ ಅಲಾಸ್ಕದ ಕಡೆಗೆ ಇಳಿಯುತ್ತದೆ. ದಕ್ಷಿಣ ಭಾರತದಿಂದ ಕ್ಯಾಲಿಫೋರ್ನಿಯಾಗೆ ಹೋಗಲು ಹಿಮದ ನಾಡನ್ನು ಹಾಯಬೇಕೆಂದರೆ ತರಗತಿಯಲ್ಲಿ ಮಕ್ಕಳು ನಂಬುತ್ತಿರಲಿಲ್ಲ, ಕಿತ್ತಳೆ ತೋರಿಸಿದ ಮೇಲೆಯೇ ಒಪ್ಪುತ್ತಿದ್ದರು.

ಕುಶಾಲನಗರದ ಓದುಗ

ಅಧ್ಯಾಪಕಿಯವರ ವಿವರಣೆ ಸ್ಪಷ್ಟವಾಗಿದೆ. ಆದರೆ ಒಂದು ಸಂದೇಹವಿದೆ. ಆ ದಾರವೇ ಅತಿ ಹತ್ತಿರದ ಹಾದಿಯಾದರೆ ವಿಮಾನಗಳು ಅದನ್ನೇ ಹಿಡಿಯಬೇಕಲ್ಲವೇ? ಒಂದೊಂದು ಕಿಲೋಮೀಟರಿಗೂ ಇಂಧನ ಖರ್ಚಾಗುತ್ತದೆ. ಕಂಪನಿಗಳು ಬೇಕೆಂದೇ ಬಳಸುದಾರಿಯಲ್ಲಿ ಏಕೆ ಹೋಗುತ್ತವೆ?

ಪೊನ್ನಂಪೇಟೆಯ ನಿವೃತ್ತ ವಾಯುಸೈನಿಕ

ಈ ಪ್ರಶ್ನೆಗೆ ನಾನು ಉತ್ತರಿಸಲು ಯತ್ನಿಸುತ್ತೇನೆ. ಸೇವೆಯಲ್ಲಿದ್ದಷ್ಟು ಕಾಲವೂ ನನ್ನ ಕೆಲಸ ವಿಮಾನಗಳ ಸುತ್ತಲೇ ಇತ್ತು.

ನಕ್ಷೆಯ ಮೇಲಿನ ದಾರಿಗೆ ಮೂರು ಅಡ್ಡಿಗಳಿವೆ. ಮೊದಲನೆಯದು ಟಿಬೆಟ್. ವಿಮಾನದ ಒಳಗಿನ ಗಾಳಿಯ ಒತ್ತಡ ಯಾವುದಾದರೂ ಕಾರಣದಿಂದ ಕುಸಿದರೆ ಪೈಲಟ್ ಕೂಡಲೇ ಸುಮಾರು 10,000 ಅಡಿಗೆ, ಅಂದರೆ 3,000 ಮೀಟರಿನಷ್ಟು ಎತ್ತರಕ್ಕೆ ಇಳಿಯಬೇಕು, ಅಲ್ಲಿ ಮನುಷ್ಯರು ಮುಖವಾಡವಿಲ್ಲದೆ ಉಸಿರಾಡಬಲ್ಲರು. ಪ್ರಯಾಣಿಕರ ತಲೆಯ ಮೇಲಿಂದ ಜೋತುಬೀಳುವ ಆಮ್ಲಜನಕದ ಮುಖವಾಡಗಳು ಆ ಇಳಿತಕ್ಕೆ ಬೇಕಾದಷ್ಟು ನಿಮಿಷಗಳಿಗೆ ಮಾತ್ರ ಸಾಲುವಂತಿರುತ್ತವೆ. ಟಿಬೆಟ್ಟಿನ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರಿಗಿಂತ ಮೇಲಿದೆ. ಇಳಿಯಲು ಜಾಗವೇ ಇಲ್ಲದ ಕಡೆ ಹಾರುವುದನ್ನು ಪ್ರಯಾಣಿಕ ವಿಮಾನಗಳು ಸಾಧ್ಯವಾದಷ್ಟು ತಪ್ಪಿಸುತ್ತವೆ.

ಎರಡನೆಯ ಅಡ್ಡಿ ದೇಶಗಳ ನಡುವಿನ ಸಂಬಂಧ. ಆಕಾಶಕ್ಕೂ ಗಡಿಗಳಿವೆ. 2022ರ ಫೆಬ್ರವರಿಯಿಂದ ಉಕ್ರೇನಿನ ಮೇಲೆ ನಾಗರಿಕ ವಿಮಾನಗಳು ಹಾರುತ್ತಿಲ್ಲ. ಅದೇ ವರ್ಷದಿಂದ ಅಮೆರಿಕ ಮತ್ತು ಯೂರೋಪಿನ ಒಕ್ಕೂಟದ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು, 2019ರಲ್ಲಿಯೂ ಕೆಲವು ತಿಂಗಳು ಹೀಗೆಯೇ ಆಗಿತ್ತು. ರಷ್ಯಾದ ಮೇಲೆ ಹಾರಲು ಅನುಮತಿಯಿದ್ದ ಭಾರತೀಯ ವಿಮಾನಕ್ಕೂ ಬೇರೊಂದು ತೊಡಕಿದೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನವು ಎಂಜಿನ್ ದೋಷದಿಂದ ರಷ್ಯಾದ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. ಪ್ರಯಾಣಿಕರನ್ನು ಕರೆದೊಯ್ಯಲು ಬೇರೆ ವಿಮಾನವನ್ನು ಕಳುಹಿಸಬೇಕಾಯಿತು. ಹತ್ತಿರದ ದಾರಿಯಲ್ಲಿ ಇಳಿಯಲು ತಕ್ಕ ನಿಲ್ದಾಣಗಳಿವೆಯೇ ಎಂಬುದನ್ನೂ ನೋಡಿಯೇ ದಾರಿಯನ್ನು ನಿರ್ಧರಿಸುತ್ತಾರೆ.

ಮೂರನೆಯದು ಗಾಳಿ. ಬೆಳೆಗಾರರು ಕೇಳಿದ್ದಕ್ಕೆ ನಿಜವಾದ ಉತ್ತರ ಅದರಲ್ಲಿಯೇ ಇದೆ. ವಿಮಾನದ ವೇಗ ಎಂದು ನಾವು ಹೇಳುವುದು ಅದರ ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಬೋಯಿಂಗ್ 777 ಶಬ್ದದ ವೇಗದ ಶೇಕಡಾ 84ರಷ್ಟರಲ್ಲಿ ಸಾಗುತ್ತದೆ. 11 ಕಿ.ಮೀ. ಎತ್ತರದಲ್ಲಿ ಉಷ್ಣಾಂಶ ಸೊನ್ನೆಗಿಂತ 56 ಡಿಗ್ರಿ ಕೆಳಗಿರುವಾಗ ಅದು ಗಂಟೆಗೆ ಸುಮಾರು 890 ಕಿ.ಮೀ. ಆದರೆ ಆ ಗಾಳಿಯೇ ನೆಲಕ್ಕೆ ಹೋಲಿಸಿದರೆ ಹರಿಯುತ್ತಿರುತ್ತದೆ. ಮಳೆಗಾಲದ ಕಾವೇರಿಯಲ್ಲಿ ದೋಣಿ ಹುಟ್ಟು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೋಳಿನ ಬಲ ಒಂದೇ ಇದ್ದರೂ ಹರಿವಿನ ಜೊತೆ ಹೋಗುವುದು ಬೇರೆ, ಹರಿವಿಗೆ ಎದುರಾಗಿ ಬರುವುದು ಬೇರೆ.

14,000 ಕಿ.ಮೀ. ದಾರಿಗೆ ಲೆಕ್ಕ ಮಾಡಿ ನೋಡಿ. ಗಾಳಿ ಇಲ್ಲದಿದ್ದರೆ 15 ಗಂಟೆ 44 ನಿಮಿಷ. ಹಿಂದಿನಿಂದ ಗಂಟೆಗೆ 100 ಕಿ.ಮೀ. ಗಾಳಿ ತಳ್ಳಿದರೆ 14 ಗಂಟೆ ಚಿಲ್ಲರೆ. ಅಷ್ಟೇ ಗಾಳಿ ಎದುರಿಗೆ ಬಂದರೆ 17 ಗಂಟೆ 40 ನಿಮಿಷದ ಮೇಲೆ. ಒಂದೇ ದಾರಿಗೆ ಮೂರೂವರೆ ಗಂಟೆಯ ಅಂತರ! ಟಿಕೆಟ್‌ನಲ್ಲಿ ಬರೆಯುವ ಅವಧಿಯಂತೂ ವಿಮಾನ ನಿಂತಲ್ಲಿಂದ ಕದಲಿದ ಕ್ಷಣದಿಂದ ಹಿಡಿದು ಇನ್ನೊಂದು ಊರಿನಲ್ಲಿ ನಿಲ್ಲುವವರೆಗಿನದು. ಓಡುಹಾದಿಯವರೆಗೆ ಉರುಳಿಕೊಂಡು ಹೋಗುವುದು, ಮೇಲೇರುವುದು, ಇಳಿಯುವ ಸರದಿಗೆ ಕಾಯುವುದು ಎಲ್ಲವೂ ಅದರಲ್ಲಿ ಸೇರಿವೆ.

ಮಡಿಕೇರಿಯ ನಿವೃತ್ತ ಭೂಗೋಳ ಅಧ್ಯಾಪಕಿ

ಆ ಗಾಳಿಯ ಬಗ್ಗೆ ಎರಡು ಮಾತು ಸೇರಿಸಲು ಅವಕಾಶ ಕೊಡಿ, ಅದು ನನಗೆ ತುಂಬ ಪ್ರಿಯವಾದ ಪಾಠ. ಉಷ್ಣವಲಯದ ಬಿಸಿಗಾಳಿಗೂ ಧ್ರುವದ ಕಡೆಯ ತಣ್ಣನೆಯ ಗಾಳಿಗೂ ಇರುವ ವ್ಯತ್ಯಾಸದಿಂದ, ಭೂಮಿ ತಿರುಗುವ ಕಾರಣದಿಂದ, ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಕಿರಿದಾದ ರಭಸದ ಗಾಳಿಹೊಳೆಗಳು ಹರಿಯುತ್ತವೆ. ಚಳಿಗಾಲದಲ್ಲಿ ಆ ಉಷ್ಣಾಂಶದ ವ್ಯತ್ಯಾಸ ಹೆಚ್ಚುವುದರಿಂದ ಗಾಳಿಯೂ ಬಲವಾಗುತ್ತದೆ. ಜಪಾನಿನ ಮೇಲೆ ಆ ಕಾಲದಲ್ಲಿ ಗಂಟೆಗೆ 200 ಕಿ.ಮೀ. ಮೀರುವುದು ಸಾಮಾನ್ಯ. 1920ರ ದಶಕದಲ್ಲಿಯೇ ವಾಸಾಬುರೋ ಓಇಶಿ ಎಂಬ ಜಪಾನಿನ ಹವಾಮಾನ ವಿಜ್ಞಾನಿ ಬಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಹೊರಗಿನವರಿಗೆ ತಿಳಿಯಲೆಂದು ತಮ್ಮ ವರದಿಯನ್ನು, ಎಲ್ಲ ದೇಶದವರಿಗೂ ಸಾಮಾನ್ಯವಾಗಲೆಂದು ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು, ಆದರೆ ಹೊರಗಿನವರು ಅದನ್ನು ಗಮನಿಸಲಿಲ್ಲ. ಹೀಗಾಗಿ ಆ ಗಾಳಿಯ ಬಲ ಜಗತ್ತಿಗೆ ಮನವರಿಕೆಯಾದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ.

ಆದುದರಿಂದ ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ನೇರವಾಗಿ ಹೊರಟ ವಿಮಾನವು ದಾರವನ್ನು ಬಿಟ್ಟು, ಪೂರ್ವಕ್ಕೆ ಸರಿದು, ಜಪಾನಿನ ಬಳಿ ಈ ಗಾಳಿಯನ್ನು ಹಿಡಿದು ಪೆಸಿಫಿಕ್ ದಾಟುವುದು ಲಾಭ. ದೂರ ಹೆಚ್ಚಾದರೂ ಹೊತ್ತು ಕಡಿಮೆ. ಮರಳುವಾಗ ಅದೇ ಗಾಳಿಗೆ ಎದುರಾಗುವ ಬದಲು ಉತ್ತರಕ್ಕೆ ಏರಿ ತಪ್ಪಿಸಿಕೊಳ್ಳಲು ನೋಡುತ್ತದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿದ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ನೆನಪಿಸಿಕೊಳ್ಳಿ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಪೈಲಟ್‌ಗಳೆಲ್ಲರೂ ಮಹಿಳೆಯರೇ ಆಗಿದ್ದ ಆ ಹಾರಾಟ ಉತ್ತರ ಧ್ರುವದ ಮೇಲಿನಿಂದ ಬಂದಿತ್ತು. ಆ ಸುದ್ದಿಯನ್ನು ನಾನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಪೊನ್ನಂಪೇಟೆಯ ನಿವೃತ್ತ ವಾಯುಸೈನಿಕ

ಅಧ್ಯಾಪಕಿಯವರ ಮಾತಿಗೆ ಒಂದು ದೊಡ್ಡ ಸಾಕ್ಷಿಯಿದೆ. 2005ರ ನವೆಂಬರ್‌ನಲ್ಲಿ ಬೋಯಿಂಗ್ 777-200ಎಲ್‌ಆರ್ ವಿಮಾನವೊಂದು ಹಾಂಗ್‌ಕಾಂಗ್‌ನಿಂದ ಲಂಡನ್‌ಗೆ ಎಲ್ಲಿಯೂ ಇಳಿಯದೆ ಹಾರಿತು. ಪಶ್ಚಿಮಕ್ಕೆ ಹೋಗಿದ್ದರೆ ಹತ್ತಿರವಾಗುತ್ತಿತ್ತು, ಆದರೆ ದೂರದ ದಾಖಲೆಗಾಗಿ ಪೂರ್ವಕ್ಕೆ ಹೊರಟು, ಗಾಳಿಯ ನೆರವಿನಿಂದ ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ಎಲ್ಲವನ್ನೂ ದಾಟಿ 21,602 ಕಿ.ಮೀ. ಕ್ರಮಿಸಿ 22 ಗಂಟೆ 42 ನಿಮಿಷಗಳಲ್ಲಿ ಲಂಡನ್ ತಲುಪಿತು. ಏರ್ ಇಂಡಿಯಾದ ಆ ಮೊದಲ ಬೆಂಗಳೂರು ಹಾರಾಟದ ವಿಮಾನವೂ ಇದೇ ಮಾದರಿಯದು.

ಗೋಣಿಕೊಪ್ಪದ ಟಿಕೆಟ್ ವ್ಯವಹಾರದವರು

ವಿರಾಜಪೇಟೆಯ ಅಣ್ಣನವರು ಅನುಮತಿ ಕೊಟ್ಟರೆ ಮಾತನ್ನು ಟಿಕೆಟ್ ಕಡೆಗೆ ತಿರುಗಿಸುತ್ತೇನೆ. ನೇರ ಹಾರಾಟ ಯಾವಾಗಲೂ ಸಿಗುವಂಥದ್ದಲ್ಲ, ಆದುದರಿಂದ ನಮ್ಮಲ್ಲಿಂದ ಹೋಗುವ ತಾಯಂದಿರಲ್ಲಿ ಹೆಚ್ಚಿನವರು ಒಂದು ಕಡೆ ಇಳಿದು ವಿಮಾನ ಬದಲಿಸುತ್ತಾರೆ. ಎಲ್ಲಿ ಇಳಿಯಬೇಕೆಂಬುದನ್ನು ಕೇವಲ ಕಿಲೋಮೀಟರು ನೋಡಿ ತೀರ್ಮಾನಿಸಬೇಡಿ.

ಅಧ್ಯಾಪಕಿಯವರ ಮಹಾವೃತ್ತದ ಲೆಕ್ಕದಲ್ಲಿಯೇ ಹೇಳುವುದಾದರೆ, ದುಬೈ ಮೂಲಕ ಮೊದಲ ಹಾರಾಟ 2,700, ಎರಡನೆಯದು 13,000. ಒಟ್ಟು 15,700 ಕಿ.ಮೀ. ಫ್ರಾಂಕ್‌ಫರ್ಟ್ ಮೂಲಕ 7,400 ಮತ್ತು 9,150, ಒಟ್ಟು 16,550. ಸಿಂಗಪುರದ ಮೂಲಕ 3,180 ಮತ್ತು 13,580, ಒಟ್ಟು 16,760. ಅಂಕಿ ನೋಡಿದರೆ ದುಬೈ ದಾರಿಯೇ ಹತ್ತಿರ. ಆದರೆ ಅಲ್ಲಿ ಮೊದಲ ನಾಲ್ಕು ಗಂಟೆಯ ಹಾರಾಟ ಮುಗಿದ ಮೇಲೆ ಹದಿನಾರು ಗಂಟೆ ಒಂದೇ ಆಸನದಲ್ಲಿ ಕುಳಿತಿರಬೇಕು. ಇಳಿದು ಹತ್ತಿದ ಶ್ರಮವೂ ಆಯಿತು, ನೇರ ವಿಮಾನದಷ್ಟೇ ಕುಳಿತ ಹಾಗೂ ಆಯಿತು. ಫ್ರಾಂಕ್‌ಫರ್ಟ್ ಅಥವಾ ಲಂಡನ್ ದಾರಿ ಸುಮಾರು 900 ಕಿ.ಮೀ. ಉದ್ದವಾದರೂ ಪಯಣವನ್ನು ಹತ್ತು, ಹನ್ನೊಂದು ಗಂಟೆಗಳ ಎರಡು ತುಂಡಾಗಿ ಮಾಡುತ್ತದೆ. ಮಂಡಿನೋವಿರುವ ಅಕ್ಕನವರಿಗೆ ನಾನು ಇದನ್ನೇ ಹೇಳುತ್ತೇನೆ.

ಮಟ್ಟನ್ನೂರಿನ ಕಣ್ಣೂರು ನಿಲ್ದಾಣದಿಂದ ಹೋಗಬಹುದಲ್ಲವೇ ಎಂದು ವಿರಾಜಪೇಟೆಯವರು ಯಾವಾಗಲೂ ಕೇಳುತ್ತಾರೆ. 2018ರ ಡಿಸೆಂಬರ್ 9ರಂದು ಅದು ತೆರೆದಾಗ ನಮಗೆಲ್ಲ ಬಹಳ ಸಂತೋಷವಾಗಿತ್ತು, ಏಕೆಂದರೆ ಮಾಕುಟ್ಟದ ಘಾಟಿ ಇಳಿದರೆ ವಿರಾಜಪೇಟೆಗೆ 60 ಕಿ.ಮೀ. ಆಸುಪಾಸು. ಓಡುಹಾದಿ 3,050 ಮೀಟರ್ ಇದೆ, ದೊಡ್ಡ ವಿಮಾನಗಳೂ ಇಳಿಯಬಲ್ಲವು. ಆದರೆ ವಿದೇಶಿ ಕಂಪನಿಗಳು ಅಲ್ಲಿಗೆ ಬರಲು ಬೇಕಾದ ಸರ್ಕಾರಿ ಅನುಮತಿ ಇಲ್ಲದ್ದರಿಂದ ಅಲ್ಲಿಂದ ಭಾರತೀಯ ಕಂಪನಿಗಳು ಕೊಲ್ಲಿ ದೇಶಗಳಿಗೆ ಮಾತ್ರ ಒಯ್ಯುತ್ತವೆ. ಅಲ್ಲಿಂದ ಮುಂದಕ್ಕೆ ಬೇರೆ ಕಂಪನಿಯಲ್ಲಿ ಬೇರೆ ಟಿಕೆಟ್ ಕೊಂಡರೆ ಸಾಮಾನನ್ನು ನಡುವೆ ಬಿಡಿಸಿಕೊಳ್ಳಬೇಕು, ಅದಕ್ಕಾಗಿ ಆ ದೇಶದೊಳಗೆ ಪ್ರವೇಶಿಸಬೇಕಾಗಬಹುದು, ಮೊದಲ ವಿಮಾನ ತಡವಾದರೆ ಎರಡನೆಯದಕ್ಕೆ ಯಾರೂ ಹೊಣೆಯಲ್ಲ. ಒಬ್ಬರೇ ಹೋಗುವ, ಮೊದಲ ಸಲ ಹೋಗುವ ಹಿರಿಯರಿಗೆ ಇದು ಬೇಡವೇ ಬೇಡ. ಬೆಂಗಳೂರಿನಿಂದ ಕೊನೆಯವರೆಗೂ ಒಂದೇ ಟಿಕೆಟ್ ಇರಲಿ, ಸಾಮಾನಿಗೆ ಕೊನೆಯ ಊರಿನ ಚೀಟಿಯೇ ಬೀಳಲಿ.

ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಕೇಳಿ. ಮಧ್ಯದ ನಿಲ್ದಾಣದಲ್ಲಿ ಅದರ ಬೆಲೆ ತಿಳಿಯುತ್ತದೆ.

ಕುಶಾಲನಗರದ ಓದುಗ

ಹಾಗಾದರೆ ಯೂರೋಪಿನ ಮೂಲಕ ಹೋದರೂ ಹೋಗುವಾಗ ಕಡಿಮೆ, ಬರುವಾಗ ಹೆಚ್ಚು ಎಂದೇ ತಿಳಿಯಬೇಕೇ?

ಮಡಿಕೇರಿಯ ನಿವೃತ್ತ ಭೂಗೋಳ ಅಧ್ಯಾಪಕಿ

ಇಲ್ಲ, ತಿರುವುಮುರುವಾಗುತ್ತದೆ. ಯೂರೋಪಿನ ಮೂಲಕ ಹೋಗುವಾಗ ಎರಡು ಹಾರಾಟಗಳೂ ಪಶ್ಚಿಮಕ್ಕೆ, ಗಾಳಿಗೆ ಎದುರಾಗಿ. ಬರುವಾಗ ಎರಡೂ ಪೂರ್ವಕ್ಕೆ, ಗಾಳಿಯ ಜೊತೆಗೆ. ಆದ್ದರಿಂದ ಪೆಸಿಫಿಕ್ ದಾಟುವವರಿಗೆ ಬರುವ ಪಯಣ ದೀರ್ಘ, ಯೂರೋಪಿನ ಮೂಲಕ ಸಾಗುವವರಿಗೆ ಹೋಗುವ ಪಯಣ ದೀರ್ಘ. ಊರುಗಳು ಅವೇ, ಗಾಳಿಯೂ ಅದೇ, ಭೂಮಿಯನ್ನು ಯಾವ ಕಡೆಯಿಂದ ಸುತ್ತುತ್ತೀರಿ ಎಂಬುದಷ್ಟೇ ಬೇರೆ. ಫ್ರಾಂಕ್‌ಫರ್ಟ್‌ನಿಂದ ಹೊರಟ ವಿಮಾನದ ಅತಿ ಹತ್ತಿರದ ದಾರಿ ಗ್ರೀನ್‌ಲ್ಯಾಂಡಿನ ಮೇಲೆ 67 ಡಿಗ್ರಿ ಉತ್ತರದವರೆಗೂ ಏರುತ್ತದೆ. ನಿಮ್ಮ ಪತ್ನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕರೆ, ಡಿಸೆಂಬರ್‌ನಲ್ಲಿ ನಡುಹಗಲಿನಲ್ಲಿಯೂ ಅಲ್ಲಿ ಸಂಜೆಯ ಬೆಳಕೇ ಇರುವುದನ್ನು ನೋಡಲು ಹೇಳಿ.

ವಿರಾಜಪೇಟೆಯ ಕಾಫಿ ಬೆಳೆಗಾರ

ಎಲ್ಲರಿಗೂ ಅನಂತ ವಂದನೆಗಳು. ಒಂದು ವಾರದ ಗೊಂದಲ ಒಂದು ಸಂಜೆಯಲ್ಲಿ ಕರಗಿತು. ಇನ್ನೊಂದೇ ಪ್ರಶ್ನೆ: ಶುಕ್ರವಾರ ಹೊರಟರೆ ಶುಕ್ರವಾರವೇ ತಲುಪುತ್ತಾರೆ ಎಂದು ಟಿಕೆಟ್‌ನಲ್ಲಿದೆ. ಮಗಳು ಯಾವ ದಿನ ಬಂದು ಕರೆದುಕೊಂಡು ಹೋಗಬೇಕೆಂಬುದರಲ್ಲಿ ತಪ್ಪಾಗಬಾರದು.

ಪೊನ್ನಂಪೇಟೆಯ ನಿವೃತ್ತ ವಾಯುಸೈನಿಕ

ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್ ತಿಂಗಳ ಮೊದಲ ಭಾನುವಾರದವರೆಗೆ ಅಲ್ಲಿನ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುವುದರಿಂದ ಆಗ ಹನ್ನೆರಡೂವರೆ ಗಂಟೆ. ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಸಮಯ, ಒಂದರಿಂದ ಇನ್ನೊಂದನ್ನು ಕಳೆದು ಪ್ರಯಾಣದ ಅವಧಿ ಎಂದುಕೊಳ್ಳಬೇಡಿ. ನಮ್ಮ ಶುಕ್ರವಾರ ಮಧ್ಯಾಹ್ನ 2ಕ್ಕೆ ನೇರ ವಿಮಾನ ಹೊರಟು 16 ಗಂಟೆ ಹಾರಿದರೆ ಇಲ್ಲಿ ಶನಿವಾರ ಬೆಳಿಗ್ಗೆ 6, ಅಲ್ಲಿ ಶುಕ್ರವಾರ ಸಂಜೆ 4.30. ಬರುವಾಗ ಬುಧವಾರ ರಾತ್ರಿ 9ಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಬೆಂಗಳೂರಿನಲ್ಲಿ ಶುಕ್ರವಾರ ಬೆಳಗಿನ ಜಾವ 4 ಗಂಟೆಯಾಗಿರುತ್ತದೆ. ಗುರುವಾರವೆಲ್ಲ ಆಕಾಶದಲ್ಲಿಯೇ ಕಳೆಯುತ್ತದೆ. ಮನೆಯಲ್ಲಿ ಒಂದು ಕಾಗದದ ಮೇಲೆ ನಮ್ಮ ಸಮಯ, ಅಲ್ಲಿಯ ಸಮಯ ಎಂದು ಎರಡು ಸಾಲು ಮಾಡಿ ಬರೆದಿಟ್ಟುಕೊಳ್ಳಿ.

ಸೋಮವಾರಪೇಟೆಯ ಶುಶ್ರೂಷಕಿ

ಅವಧಿಯ ಮಾತು ಬಂದಿರುವುದರಿಂದ ದೇಹದ ಮಾತನ್ನೂ ಹೇಳುತ್ತೇನೆ. ಹಾರುವಾಗ ವಿಮಾನದೊಳಗಿನ ಗಾಳಿ ನೆಲಮಟ್ಟದ ಗಾಳಿಯಷ್ಟು ದಟ್ಟವಾಗಿರುವುದಿಲ್ಲ. ಹೊಸ ಬೋಯಿಂಗ್ 787 ಮತ್ತು ಏರ್‌ಬಸ್ ಎ350 ವಿಮಾನಗಳಲ್ಲಿ ಅದು ಸುಮಾರು 1,800 ಮೀಟರ್ ಎತ್ತರದ ಗಾಳಿಯಂತೆ, ಹಳೆಯ ಮಾದರಿಗಳಲ್ಲಿ 2,400 ಮೀಟರಿನವರೆಗೂ ಇರಬಹುದು. ನಮ್ಮ ತಡಿಯಂಡಮೋಳ್ ಬೆಟ್ಟ 1,748 ಮೀಟರ್. ಅಂದರೆ ಬೆಟ್ಟದ ತುದಿಯಲ್ಲಿ ಇಪ್ಪತ್ತು ಗಂಟೆ ಕುಳಿತಂತೆ ಎಂದು ತಿಳಿಯಿರಿ. ಜೊತೆಗೆ ಗಾಳಿ ಬಹಳ ಒಣಗಿರುತ್ತದೆ. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ, ಆದರೆ ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕಾಣಬೇಕು.

ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಅಲುಗಾಡದೆ ಕುಳಿತು ಪಯಣಿಸುವವರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತ್ತು. ಆಗುವುದು ಅಪರೂಪ, ಆದರೂ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು, ಕುಳಿತಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸಬೇಕು. ಅಕ್ಕನವರಿಗೆ ಓಣಿಯ ಪಕ್ಕದ ಆಸನವನ್ನೇ ಕೇಳಿ. ಅಧ್ಯಾಪಕಿಯವರು ಕ್ಷಮಿಸಬೇಕು, ಗ್ರೀನ್‌ಲ್ಯಾಂಡನ್ನು ಎದ್ದು ನಿಂತಾಗ ಹಿಂಬದಿಯ ಕಿಟಕಿಯಿಂದಲೂ ನೋಡಬಹುದು. ಮಾತ್ರೆಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಲಿ, ವೈದ್ಯರ ಚೀಟಿಯೂ ಜೊತೆಗಿರಲಿ.

ನಾಪೋಕ್ಲಿನ ಯುವಕ

ಎಲ್ಲರೂ ಆಕಾಶದ ದಾರಿಯನ್ನೇ ಹೇಳಿದಿರಿ. ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ, ರೈಲೂ ಇಲ್ಲ. ವಿರಾಜಪೇಟೆಯಿಂದ ದೇವನಹಳ್ಳಿಗೆ ನೇರ ಗೆರೆ ಎಳೆದರೆ ಸುಮಾರು 235 ಕಿ.ಮೀ., ರಸ್ತೆಯಲ್ಲಿ 290ರ ಹತ್ತಿರ. 2023ರಲ್ಲಿ ಮೈಸೂರು ಬೆಂಗಳೂರು ಹೆದ್ದಾರಿ ಆದ ಮೇಲೆ ನಡುವಿನ ಭಾಗ ಸಲೀಸಾಗಿದೆ, ಆದರೆ ಹುಣಸೂರಿನವರೆಗಿನ ಕಾಡು ದಾರಿಯೂ ಬೆಂಗಳೂರು ನಗರವನ್ನು ದಾಟುವುದೂ ಹಾಗೆಯೇ ಇವೆ. ತಿತಿಮತಿ, ಆನೆಚೌಕೂರು ಕಡೆ ಕತ್ತಲಾದ ಮೇಲೆ ಆನೆಗಳು ರಸ್ತೆಗೆ ಬರುತ್ತವೆ, ಆದ್ದರಿಂದ ಆ ಭಾಗವನ್ನು ಬೆಳಕಿರುವಾಗಲೇ ದಾಟಬೇಕು. ನಸುಕಿನ ವಿಮಾನವಾದರೆ ಹಿಂದಿನ ಮಧ್ಯಾಹ್ನವೇ ಹೊರಡಿ. ಡಿಸೆಂಬರ್ ಆದುದರಿಂದ ಮಳೆಯ ಭಯವಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಸಂಪಾಜೆ ದಾರಿ ಮುಚ್ಚಿದ ಮೇಲೆ, ಮಳೆಗಾಲದಲ್ಲಿ ಮಂಗಳೂರು ಅಥವಾ ಕಣ್ಣೂರಿನ ವಿಮಾನವನ್ನು ನಂಬಿಕೊಂಡು ಘಾಟಿ ಇಳಿಯುವವರು ಒಂದು ದಿನ ಮೊದಲೇ ಹೋಗಿ ಉಳಿಯುವುದನ್ನು ನಾನು ಕಂಡಿದ್ದೇನೆ.

ವಿರಾಜಪೇಟೆಯ ಕಾಫಿ ಬೆಳೆಗಾರ

ಸೆಪ್ಟೆಂಬರ್‌ನಲ್ಲಿ ಕೇಳಿದ್ದ ಪ್ರಶ್ನೆಗೆ ಈಗ ನನ್ನದೇ ಉತ್ತರವನ್ನು ಬರೆಯುತ್ತಿದ್ದೇನೆ. ಹುತ್ತರಿಯ ಕದಿರು ಮನೆಗೆ ತಂದ ಮರುವಾರ ಪತ್ನಿ ಹೊರಟಳು, ಕ್ಷೇಮವಾಗಿ ತಲುಪಿದಳು. ವಾಯುಸೈನಿಕರು ಹೇಳಿದಂತೆ ಕಾಗದದಲ್ಲಿ ಎರಡು ಸಾಲು ಮಾಡಿ ಬರೆದಿಟ್ಟಿದ್ದೆ. ಮುಂದೆ ಹೋಗುವವರಿಗೆ ನೆರವಾಗಲೆಂದು ಅದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಗುರುವಾರ ಮಧ್ಯಾಹ್ನ 2ಕ್ಕೆ ಮನೆಯಿಂದ ಹೊರಟೆವು. ಬಿಸಿಲಿರುವಾಗಲೇ ಆನೆಚೌಕೂರು ದಾಟಿ, ಮೈಸೂರಿನಲ್ಲಿ ಒಂದು ಕಡೆ ನಿಂತು ಊಟ ಮಾಡಿ, ರಾತ್ರಿ 9.30ಕ್ಕೆ ದೇವನಹಳ್ಳಿ ತಲುಪಿದೆವು. ಶುಕ್ರವಾರ ಬೆಳಗಿನ ಜಾವ 3ಕ್ಕೆ ವಿಮಾನ ಕದಲಿತು. ಹತ್ತು ಗಂಟೆಯ ನಂತರ, ನಮ್ಮಲ್ಲಿ ಮಧ್ಯಾಹ್ನ 1, ಅಲ್ಲಿ ಬೆಳಿಗ್ಗೆ 8.30 ಆಗಿರುವಾಗ ಫ್ರಾಂಕ್‌ಫರ್ಟ್‌ನಲ್ಲಿ ಇಳಿದಳು. ಅಲ್ಲಿ ಐದು ಗಂಟೆ ಕಾಯಬೇಕಿತ್ತು. ಮೊದಲು ಈ ಕಾಯುವಿಕೆ ನನಗೆ ವ್ಯರ್ಥವೆನಿಸಿತ್ತು, ಆದರೆ ಅವಳು ಹೇಳುವ ಪ್ರಕಾರ ಆ ಐದು ಗಂಟೆಯಲ್ಲಿ ಕಾಲು ಚಾಚಿ ಮಲಗಿದ್ದರಿಂದಲೇ ಮುಂದಿನ ಹಾರಾಟವನ್ನು ತಾಳಿಕೊಳ್ಳಲು ಸಾಧ್ಯವಾಯಿತು. ಗಾಲಿಕುರ್ಚಿ ತಂದ ಹುಡುಗಿ ಒಂದು ಹೆಜ್ಜೆಯನ್ನೂ ತಪ್ಪದೆ ಬಾಗಿಲಿನಿಂದ ಬಾಗಿಲಿಗೆ ತಲುಪಿಸಿದಳಂತೆ. ಎರಡನೆಯ ವಿಮಾನ 11 ಗಂಟೆ 40 ನಿಮಿಷ ತೆಗೆದುಕೊಂಡಿತು, ಸ್ಯಾನ್ ಫ್ರಾನ್ಸಿಸ್ಕೋ ಸಮಯ ಶುಕ್ರವಾರ ಸಂಜೆ 4.10ಕ್ಕೆ ಇಳಿಯಿತು. ವಲಸೆ ತಪಾಸಣೆ, ಸಾಮಾನು, ಅಲ್ಲಿಂದ ಕಾರು ಎಲ್ಲ ಮುಗಿದು ಮಗಳ ಮನೆಯ ಬಾಗಿಲು ತಟ್ಟಿದಾಗ ಅಲ್ಲಿ 6.30, ಇಲ್ಲಿ ಶನಿವಾರ ಬೆಳಿಗ್ಗೆ 8 ಗಂಟೆ. ನಾನು ಕಣದಲ್ಲಿ ಕಾಫಿ ಹರಡಿಸುತ್ತಿರುವಾಗ ಫೋನ್ ಬಂತು.

ಮನೆಯಿಂದ ಮನೆಗೆ 42 ಗಂಟೆ. ಅದರಲ್ಲಿ ವಿಮಾನದೊಳಗೆ ಕಳೆದದ್ದು 21 ಗಂಟೆ 40 ನಿಮಿಷ. ಉಳಿದ 20 ಗಂಟೆ 20 ನಿಮಿಷ ನಮ್ಮ ರಸ್ತೆಗೆ, ದೇವನಹಳ್ಳಿಯ ಕಾಯುವಿಕೆಗೆ, ಫ್ರಾಂಕ್‌ಫರ್ಟ್‌ಗೆ ಮತ್ತು ಅಲ್ಲಿನ ತಪಾಸಣೆಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಕುಳಿತು 14,000ವನ್ನು 900ರಿಂದ ಭಾಗಿಸುತ್ತಿದ್ದಾಗ ಈ ಅರ್ಧಭಾಗ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಓಣಿಯ ಪಕ್ಕದ ಆಸನವೇ ಸಿಕ್ಕಿತ್ತು. ಗ್ರೀನ್‌ಲ್ಯಾಂಡ್ ಬಂದಾಗ ಪಕ್ಕದ ಪ್ರಯಾಣಿಕರು ಎಬ್ಬಿಸಿ ಕಿಟಕಿಯ ಬಳಿ ಜಾಗ ಬಿಟ್ಟುಕೊಟ್ಟರಂತೆ. ಹಿಮದ ಮೇಲೆ ಕೇಸರಿ ಬೆಳಕು ಬಿದ್ದಿತ್ತೆಂದು ಅಧ್ಯಾಪಕಿಯವರಿಗೆ ತಪ್ಪದೆ ತಿಳಿಸಬೇಕೆಂದಿದ್ದಾಳೆ.

ಮರಳುವ ಟಿಕೆಟ್ ಮಾರ್ಚ್ ಕೊನೆಯ ವಾರಕ್ಕಿದೆ, ಅದೇ ದಾರಿಯಲ್ಲಿ. ಅಷ್ಟರಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದೆ ಹೋಗಿರುತ್ತದೆ, ಗಾಳಿಯೂ ಹಿಂದಿನಿಂದ ಬರುತ್ತದೆ. ಎರಡೂ ಹಾರಾಟ ಸೇರಿ ಹೋಗುವಾಗಿನದಕ್ಕಿಂತ ಸುಮಾರು ಎರಡು ಗಂಟೆ ಕಡಿಮೆ ಎಂದು ಟಿಕೆಟ್‌ನಲ್ಲಿ ನೋಡಿದೆ. ವಿಮಾನ ನಡುರಾತ್ರಿ ದಾಟಿದ ಮೇಲೆ ಬೆಂಗಳೂರಿಗೆ ಬರುವುದರಿಂದ, ಕಾಡು ದಾರಿಯನ್ನು ಬೆಳಗಾದ ಮೇಲೆಯೇ ದಾಟುವಂತೆ ಕಾರಿನವರಿಗೆ ಈಗಾಗಲೇ ಹೇಳಿಟ್ಟಿದ್ದೇನೆ.